ವಿಯೆಟೊ ಬಿಟ್ಟುಕೊಟ್ಟ ಗಾಲಿ

1934ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್. ಪಿರನೀಸ್ ಪರ್ವತದ ಇಳಿಜಾರಿನಲ್ಲಿ ಫ್ರೆಂಚ್ ತಂಡದ ನಾಯಕ, ಒಟ್ಟಾರೆ ಮುನ್ನಡೆಯ ಗುರುತಾದ ಹಳದಿ ಅಂಗಿ ತೊಟ್ಟಿದ್ದ ಆಂಟೊನಿನ್ ಮ್ಯಾಗ್ನೆಯ ಸೈಕಲ್ಲಿನ ಮುಂದಿನ ಗಾಲಿ ಹಾಳಾಯಿತು. ತಂಡದ ಇಪ್ಪತ್ತರ ಹುಡುಗ ರೆನೆ ವಿಯೆಟೊ ತನ್ನ ಮುಂಗಾಲಿಯನ್ನೇ ಕಳಚಿ ಕೊಟ್ಟ. ಆಮೇಲಿನದಕ್ಕೆ ಒಂದು ಫೋಟೊ ಸಾಕ್ಷಿ: ರಸ್ತೆಬದಿಯ ಮೋಟುಗೋಡೆ, ಪಕ್ಕದಲ್ಲಿ ಮುಂಗಾಲಿ ಇಲ್ಲದ ಸೈಕಲ್, ಬದಲಿ ಗಾಲಿಗೆ ಕಾಯುತ್ತ ಅಳುತ್ತಿರುವ ವಿಯೆಟೊ. ಮರುದಿನ ಮ್ಯಾಗ್ನೆ ಮತ್ತೆ ನಿಂತುಹೋದ. ಮುಂದೆ ಸಾಗಿದ್ದ ಹುಡುಗ ಸೈಕಲ್ ತಿರುಗಿಸಿ, ಇಳಿದ ಬೆಟ್ಟವನ್ನೇ ಪುನಃ ಹತ್ತಿ ನೆರವಿಗೆ ಹೋದ.

ಇದು ತ್ಯಾಗವೋ, ಬರೀ ಚಾಕರಿಯೋ?

ಫಲದ ಆಸೆ ಬಿಟ್ಟು ಕರ್ಮ ಮಾಡು ಎನ್ನುವವರಿಗೆ ಆ ಅಳು ಮುಜುಗರ ತರಬೇಕು. ವಿಯೆಟೊಗೆ ಗೆಲ್ಲುವ ಆಸೆ ಧಾರಾಳವಾಗಿತ್ತು. ಅದೇ ಟೂರ್‌ನಲ್ಲಿ ನಾಲ್ಕು ಹಂತ ಗೆದ್ದು, ಬೆಟ್ಟದ ರಾಜ ಎನಿಸಿಕೊಂಡವನು ಅವನು. ಆದರೆ ಆಸೆಯೇ ಇಲ್ಲದವನು ಬಿಟ್ಟುಕೊಡುವುದಾದರೂ ಏನನ್ನು?

ಅಭಿಮಾನಿಗಳು ಮಾತ್ರ ತ್ಯಾಗವನ್ನು ನಷ್ಟದಿಂದ ಅಳೆದರು. ಗಾಲಿ ಕೊಡದಿದ್ದರೆ ಅವನೇ ಗೆಲ್ಲುತ್ತಿದ್ದ ಎಂಬ ಕಥೆ ಹುಟ್ಟಿಕೊಂಡಿತು. ಅಂಕಿಗಳು ಬೇರೆಯೇ ಹೇಳುತ್ತವೆ: ಮ್ಯಾಗ್ನೆ ಗೆದ್ದಾಗ ಐದನೆಯವನಾಗಿದ್ದ ವಿಯೆಟೊ 59 ನಿಮಿಷ ಹಿಂದಿದ್ದ. ಆ ಎರಡು ದಿನಗಳಲ್ಲಿ ನಾಯಕನಿಗಾಗಿ ಕಳೆದುಕೊಂಡ ಸಮಯ ಅದರಲ್ಲಿ ಚಿಕ್ಕ ಪಾಲು. ಹಾಗೆಂದು ಕೊಟ್ಟದ್ದರ ಬೆಲೆ ಇಳಿಯುವುದೇ? ಇಳಿಯುವುದಿಲ್ಲ. ಗಾಲಿ ಕಳಚುವ ಹೊತ್ತಿಗೆ ಪ್ಯಾರಿಸ್‌ನ ಅಂತಿಮ ಲೆಕ್ಕ ಅವನ ಕಣ್ಣಮುಂದೆ ಇರಲಿಲ್ಲ. ಕಣ್ಣೆದುರಿಗಿದ್ದದ್ದು ದೂರವಾಗುತ್ತಿದ್ದ ಸವಾರರ ಬೆನ್ನು.

1913ರ ಟೂರ್‌ನಲ್ಲಿ ಇಂಥ ನೆರವೇ ಅಪರಾಧವಾಗಿತ್ತು. ಫೋರ್ಕ್ ಮುರಿದ ಯೂಜೀನ್ ಕ್ರಿಸ್ತೋಫ್ ಸೈಕಲ್ ಹೊತ್ತು ನಡೆದು, ಹಳ್ಳಿಯ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ತಿದಿ ಒತ್ತಿದ್ದು ಒಬ್ಬ ಹುಡುಗ ಎಂಬ ಕಾರಣಕ್ಕೆ ಅಧಿಕಾರಿಗಳು ದಂಡ ಹಾಕಿದರು! ಈಗ ನಾಯಕನಿಗಾಗಿ ಗಾಳಿಗೆ ಎದೆಯೊಡ್ಡುವುದೇ ಸಂಬಳದ ಕೆಲಸ. 2012ರ ಟೂರ್‌ನಲ್ಲಿ ಲಾ ತೂಸ್ವೀರ್ ಏರಿನಲ್ಲಿ ಕ್ರಿಸ್ ಫ್ರೂಮ್ ಮುನ್ನುಗ್ಗಿದ, ತಂಡ ತಡೆಯಿತು, ನಾಯಕ ಬ್ರಾಡ್ಲಿ ವಿಗಿನ್ಸ್‌ಗಾಗಿ ಕಾದ. ಮರುವರ್ಷ ಟೂರ್ ಫ್ರೂಮ್‌ನದಾಯಿತು. ಅವನು ಕಾದದ್ದನ್ನು ಯಾರೂ ಪುಣ್ಯಕಥೆ ಮಾಡಲಿಲ್ಲ.

ವಿಯೆಟೊಗೆ ಗೆಲ್ಲುವ ಸರದಿ ಬರಲಿಲ್ಲ. 1939ರಲ್ಲಿ ಎರಡನೆಯವನಾದ. 1947ರಲ್ಲಿ ಬಹುದಿನ ಹಳದಿ ಅಂಗಿ ತೊಟ್ಟು, ಒಬ್ಬಂಟಿಯಾಗಿ ಗಡಿಯಾರದೆದುರು ಓಡಿಸುವ 139 ಕಿಲೋಮೀಟರಿನ ಟೈಮ್ ಟ್ರಯಲ್‌ನಲ್ಲಿ ಅದನ್ನು ಕಳೆದುಕೊಂಡ. ಆ ಸೋಲು ಪೂರ್ತಿ ಅವನದೇ, ಯಾರಿಗೂ ಕೊಟ್ಟದ್ದಲ್ಲ. ಜನ ಅದನ್ನು ಅಷ್ಟಾಗಿ ನೆನೆಯುವುದಿಲ್ಲ.