ಪೇಪರ್ ಹಾಕೋಕಾಗದ ಕೆಲಸ

ಕೃತಜ್ಞತೆಗೆ ದಾಖಲೆ ಕೇಳಬಹುದಾ? ಬಹಳ ಜನ ಥಟ್ಟನೆ "ಛೆ, ಛೆ" ಅಂತಾರೆ. ಆದರೆ ಸರ್ಕಾರ ಕೇಳಲೇಬೇಕು. ಸೈನ್ಯದಿಂದ ನಿವೃತ್ತರಾಗಿ ಬಂದವರಿಗೆ ನಮ್ಮಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ 'ಮಾಜಿ ಸೈನಿಕ' ಎಂಬ ಗುರುತಿನ ಚೀಟಿ ಕೊಡುತ್ತೆ. ಪತಿ ತೀರಿಕೊಂಡಿದ್ದರೆ ಪತ್ನಿಗೂ ಕೊಡುತ್ತೆ. ಕೆಲಸದಲ್ಲಿ ಮೀಸಲಾತಿ, ಮಕ್ಕಳ ವಿದ್ಯಾರ್ಥಿವೇತನ ಅಂತ ಯಾವುದನ್ನು ಕೇಳೋಕೆ ಹೋದರೂ ಮೊದಲು ತೋರಿಸಬೇಕಾದ್ದು ಅದನ್ನೇ.

ಮಲ್ಲೇಶ್ವರದ ನಮ್ಮ ಕ್ರಾಸ್‌ನಲ್ಲಿ ನಿವೃತ್ತ ಹವಾಲ್ದಾರ್ ಒಬ್ಬರಿದ್ದಾರೆ. ಆ ಕಾರ್ಡ್ ನಿಮಗೆ ಏನು ಅಂತ ಕೇಳಿದ್ದೆ. "ಸೆಲ್ಯೂಟ್ ಎಲ್ರೂ ಹೊಡೀತಾರೆ ಕಣಪ್ಪ. ಆದ್ರೆ ಕೌಂಟರ್ ಮುಂದೆ ನಿಂತ್ಕೊಂಡು ನಾನು ಎಲ್ಲಿದ್ದೆ, ಏನ್ ಮಾಡ್ದೆ ಅಂತ ಕಥೆ ಹೇಳೋಕೆ ನಂಗಿಷ್ಟ ಇಲ್ಲ. ಕಾರ್ಡ್ ಇಟ್ರೆ ಮುಗೀತು" ಅಂದರು. ಕಾರ್ಡ್ ಇಲ್ಲದಿದ್ದರೆ ಬೇಡಬೇಕು, ಇದ್ದರೆ ಕೇಳಬಹುದು. ಹಾಗಾಗಿ ಕಾರ್ಡ್ ಇರಲೇಬೇಕು. ನನ್ನ ತಕರಾರಿರೋದು ಅದು ಯಾರಿಗೆ ಸಿಗುತ್ತೆ ಅನ್ನೋದರಲ್ಲಿ.

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಜವಾನರು ಸತ್ತರು. ಅವರಲ್ಲಿ ನಮ್ಮ ಮದ್ದೂರು ತಾಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ನಾವೆಲ್ಲ ಅವರನ್ನು ಯೋಧ ಅಂತಲೇ ಕರೆದೆವು. ಆದರೆ ಗುರು ಇದ್ದದ್ದು ಸಿಆರ್‌ಪಿಎಫ್‌ನಲ್ಲಿ, ಅದು ಗೃಹ ಸಚಿವಾಲಯದ ಪಡೆ. ಅವರು ಬದುಕಿದ್ದು ನಿವೃತ್ತರಾಗಿದ್ದರೆ ನಿಯಮದ ಪ್ರಕಾರ 'ಮಾಜಿ ಸೈನಿಕ' ಆಗ್ತಿರಲಿಲ್ಲ. ಅಂಥವರಿಗೆ 2012ರಿಂದ 'ಮಾಜಿ ಸಿಎಪಿಎಫ್ ಸಿಬ್ಬಂದಿ' ಅನ್ನೋ ಬೇರೆ ಹೆಸರಿದೆ.

ಇನ್ನು ಅಗ್ನಿವೀರರು. 2022ರ ಯೋಜನೆಯಂತೆ ಅವರದ್ದು ನಾಲ್ಕು ವರ್ಷದ ಸೇವೆ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಮಂದಿ ಉಳೀತಾರೆ. ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಸಿಗುತ್ತೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನವೂ ಇಲ್ಲ.

ಹಾಗಾದರೆ ಅಳತೆಗೋಲು ಯಾವುದು? ಅಪಾಯ ಅನ್ನೋಣವಾ? ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸಾಯೋ ಕಾರ್ಮಿಕನದ್ದೂ ಅಪಾಯವೇ. ಆದರೆ ರಕ್ಷಣಾ ಸಲಕರಣೆ ಕೊಡದೆ ಅವನನ್ನು ಇಳಿಸೋದನ್ನು 2013ರ ಕಾನೂನು ನಿಷೇಧಿಸಿದೆ. ಅವನಿಗೆ ನಾವು ಕೊಡಬೇಕಿರೋದು ಕಾರ್ಡ್ ಅಲ್ಲ, ಹಾಗೆ ಇಳಿಯಬೇಕಾಗಿಲ್ಲದ ಬದುಕು.

ನನಗೆ ತೋಚೋ ಅಳತೆಗೋಲು ಬೇರೆ. ಮ್ಯಾನೇಜರ್ ಸರಿಯಿಲ್ಲ ಅಂದ್ರೆ ನಾನು, ನೀವು ಪೇಪರ್ ಹಾಕಿ ಹೊರಗೆ ಬರ್ತೀವಿ. ಸೈನಿಕ ಹಾಗೆ ಬಂದರೆ ಅದು ಅಪರಾಧ. 1950ರ ಸೇನಾ ಕಾಯ್ದೆಯಲ್ಲೂ ಶಿಕ್ಷೆ ಇದೆ, 1949ರ ಸಿಆರ್‌ಪಿಎಫ್ ಕಾಯ್ದೆಯಲ್ಲೂ ಇದೆ. "ಆಗಲ್ಲ" ಅನ್ನೋ ಹಕ್ಕನ್ನೇ ಬಿಟ್ಟುಕೊಟ್ಟು, ಸಾವು ಎದುರಿಗಿದ್ರೂ ಹೋಗ್ತೀನಿ ಅಂತ ಸಹಿ ಹಾಕಿದವರು ಅವರು. ಆ ಸಹಿ ಯಾವ ಸಚಿವಾಲಯದ ಕಾಗದದ ಮೇಲಿದ್ದರೇನು?

ಎಲ್ಲರಿಗೂ ಒಂದೇ ಪಿಂಚಣಿ ಕೊಡೋಕೆ ದುಡ್ಡೆಲ್ಲಿದೆ ಅಂತ ನೀವು ಕೇಳಬಹುದು. ನ್ಯಾಯವೇ. ದುಡ್ಡು ಸೇವೆಯ ವರ್ಷಕ್ಕೆ ತಕ್ಕ ಹಾಗೆ ಹೆಚ್ಚುಕಮ್ಮಿ ಇರಲಿ. ಹೆಸರನ್ನು ಯಾಕೆ ಹಾಗೆ ತೂಗಬೇಕು?

ಮುಂದೊಂದು ದಿನ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗ ನಮ್ಮ ಆಫೀಸಿನಲ್ಲಿ ಇಂಟರ್‌ವ್ಯೂಗೆ ಬಂದು ಕೂರ್ತಾನೆ. ರೆಸ್ಯೂಮೆಯಲ್ಲಿ ಆ ನಾಲ್ಕು ವರ್ಷ ಏನು ಅಂತ ಯಾರೋ ಕೇಳ್ತಾರೆ. ತೋರಿಸೋಕೆ ಆ ಕಾರ್ಡ್ ಇರಲ್ಲ, ಅವನು ಕಥೆ ಹೇಳಬೇಕಾಗುತ್ತೆ.