ಬಿಗಿದವನು ಯಾರೋ, ಬಿಚ್ಚುವವನು ಯಾರೋ

ಜಾಮ್ ಆದ ಸ್ಪಾರ್ಕ್ ಪ್ಲಗ್ಗಿಗೂ ಧರ್ಮ-ಅಧರ್ಮಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಬೈಕಿನ ಪ್ಲಗ್ಗಾದರೆ ಹೆಚ್ಚೇನಿಲ್ಲ ಬಿಡಿ. ಗಾಡಿ ರಸ್ತೆ ಬದಿಗೆ ನಿಲ್ಲುತ್ತೆ, ಬೈಕೊಂಡು ತಳ್ಳಿಕೊಂಡು ಹೋಗ್ತೀವಿ. ವಿಮಾನವನ್ನು ಹಾಗೆ ಬದಿಗೆ ನಿಲ್ಲಿಸೋಕಾಗಲ್ಲ.

ಸೆಸ್ನಾ 172 ಅನ್ನೋ ಸಣ್ಣ ತರಬೇತಿ ವಿಮಾನವನ್ನೇ ತಗೊಳ್ಳಿ. ಅದರ ಈಚಿನ ಮಾದರಿಗಳ ಲೈಕಮಿಂಗ್ ಎಂಜಿನ್ನಿನಲ್ಲಿ 4 ಸಿಲಿಂಡರು, ಒಂದೊಂದಕ್ಕೆ ಎರಡರಂತೆ ಒಟ್ಟು 8 ಪ್ಲಗ್ಗು. ಸಾಮಾನ್ಯವಾಗಿ 100 ಗಂಟೆ ಹಾರಾಟದ ತಪಾಸಣೆಯಲ್ಲಿ ಎಲ್ಲವನ್ನೂ ಬಿಚ್ಚಿ, ಕ್ಲೀನ್ ಮಾಡಿ, ಗ್ಯಾಪ್ ನೋಡಿ ಮತ್ತೆ ಕೂರಿಸ್ತಾರೆ. ಪ್ಲಗ್ಗು ಉಕ್ಕಿನದು, ಸಿಲಿಂಡರಿನ ತಲೆ ಅಲ್ಯೂಮಿನಿಯಂ. ಮೆತ್ತಗಿನ ಅಲ್ಯೂಮಿನಿಯಂ ಸವೆಯದಿರಲಿ ಅಂತ ನಡುವೆ ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಇರುತ್ತೆ, ಹೆಲಿಕಾಯಿಲ್ ಅಂತಾರೆ. ಪ್ಲಗ್ಗು ಕಚ್ಚಿಕೊಂಡಾಗ ಉದ್ದನೆ ರಾಡು ಹಾಕಿ ತಿರುವಿದರೆ ಅದರ ಜೊತೆ ಈ ಸುರುಳಿಯೂ ಬರಬಹುದು, ಇಲ್ಲವೇ ಥ್ರೆಡ್ಡೇ ಹೋಗಬಹುದು. ಪ್ಲಗ್ಗಿನ ಬೆಲೆ ಸಾವಿರಗಳಲ್ಲಿ, ಸಿಲಿಂಡರಿನದು ಲಕ್ಷಗಳಲ್ಲಿ.

ಕಚ್ಚಿಕೊಳ್ಳೋದು ಯಾಕೆ? ಎಂಜಿನ್ನಿನ ಶಾಖ ಇದ್ದೇ ಇದೆ. ಅದರ ಜೊತೆಗೆ ಹಿಂದಿನ ಸಲ ಕೂರಿಸಿದವನ ಕೈ. ಲೈಕಮಿಂಗಿನ ಅಳತೆ 35 ಫುಟ್-ಪೌಂಡು. ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು. ಥ್ರೆಡ್ಡಿಗೆ ಆ್ಯಂಟಿ-ಸೀಜ್ ಪೇಸ್ಟು ಚೂರೇ ಚೂರು ಸವರಬೇಕು, ಜಾಸ್ತಿಯಾದರೆ ಅದು ಇಳಿದು ಪ್ಲಗ್ಗನ್ನೇ ಕೆಡಿಸುತ್ತೆ. ತಾಮ್ರದ ಹೊಸ ವಾಷರು ಹಾಕಬೇಕು. ಮಾಡೋಕೆ ಐದು ನಿಮಿಷದ ಕೆಲಸ. ಆದರೆ ಮಾಡದೇ ಹೋದರೂ ಆ ಹೊತ್ತಿಗೆ ಏನೂ ಆಗಲ್ಲ. ವಿಮಾನ ಹಾರುತ್ತೆ. ನೋವು ತಿನ್ನುವವನು 100 ಗಂಟೆ ಆದಮೇಲೆ ಬರುವ ಇನ್ಯಾರೋ.

‘ಮಾಡಿದ್ದುಣ್ಣೋ ಮಹಾರಾಯ’ ಅಂತೀವಿ. ಆದರೆ ಇಲ್ಲಿ ಮಾಡಿದವನು ಒಬ್ಬ, ಉಣ್ಣುವವನು ಇನ್ನೊಬ್ಬ. ನಮ್ಮೂರಲ್ಲಿ ಕೊಟ್ಟಿಗೆಯಲ್ಲಿ ದನ ಕಟ್ಟುವಾಗ ತುದಿ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕ್ತಾರೆ. ರಾತ್ರಿ ಹುಲ್ಲಿಗೆ ಬೆಂಕಿ ಬಿದ್ದರೆ ಬಿಚ್ಚೋಕೆ ಯಾರು ಓಡಿ ಬರ್ತಾರೋ ಗೊತ್ತಿಲ್ಲವಲ್ಲ, ಅದಕ್ಕೆ. ಕಟ್ಟುವ ಕೈಗೆ ಬಿಚ್ಚುವ ಕೈಯ ನೆನಪಿರಬೇಕು.

ಸರಿ, ನೆನಪಿರಲಿಲ್ಲ. ಈಗ ಬಿಚ್ಚುವವನು ಏನು ಮಾಡಬೇಕು? “ನಾನು ಮಾಡಿದ ತಪ್ಪಲ್ಲ, ನಾನ್ಯಾಕೆ ಅರ್ಧ ದಿನ ಕಾಯಲಿ?” ಅಂತ ಅವನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟು ಹೋದ ಕೋಡ್ ಬಿಚ್ಚುವಾಗ ನಾನೂ ಇದನ್ನೇ ಗೊಣಗೋದು. ಆದರೆ ನನ್ನ ಕೆಲಸದಲ್ಲಿ ಕೆಟ್ಟರೆ ಹಳೇ ವರ್ಷನ್ನಿಗೆ ಹೋಗಬಹುದು. ಕಿತ್ತುಹೋದ ಅಲ್ಯೂಮಿನಿಯಂ ಥ್ರೆಡ್ಡಿಗೆ ಹಳೇ ವರ್ಷನ್ ಇಲ್ಲ. ಹಾಗಾಗಿ ತೂರುವ ಎಣ್ಣೆ ಬಿಟ್ಟು ಕಾಯಬೇಕು. ಚೂರು ಬಿಚ್ಚಿ, ಚೂರು ಬಿಗಿದು, ಹಿಂದೆ ಮುಂದೆ ಆಡಿಸಬೇಕು. ಇಲ್ಲವೇ ಪ್ಲಗ್ಗಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ತಣ್ಣಗೆ ಮಾಡಿ, ಉಕ್ಕು ಕುಗ್ಗಿದಾಗ ತಿರುವಬೇಕು.

ಅಂತೂ ಕಿರ್ರಂತ ಸದ್ದು ಮಾಡಿ ಪ್ಲಗ್ಗು ಹೊರಗೆ ಬಂತು ಅನ್ನಿ. ಆ ಸದ್ದು ಕೇಳಿದವನು ಅವನೊಬ್ಬನೇ. ಥ್ರೆಡ್ಡು ನೋಡಿದರೆ ಪರವಾಗಿಲ್ಲ ಅನ್ನಿಸುತ್ತೆ. ಹೊಸ ಪ್ಲಗ್ಗು ಕೂರಿಸಿಬಿಟ್ಟರೆ ಯಾರಿಗೂ ಏನೂ ಕಾಣಲ್ಲ. ನಾಳೆ ಬೆಳಗ್ಗೆ ಅದನ್ನು ಹಾರಿಸೋದು ಕಲಿಯುತ್ತಿರೋ ಒಬ್ಬ ಹುಡುಗಿ. ಅವಳು ಎಣ್ಣೆ ನೋಡ್ತಾಳೆ, ಪೆಟ್ರೋಲು ನೋಡ್ತಾಳೆ. ಸಿಲಿಂಡರಿನ ಒಳಗೆ ನೋಡೋಕೆ ಅವಳಿಂದ ಆಗಲ್ಲ.

ಇಲ್ಲಿ ನಾವು ಯಾವಾಗಲೂ ಕಲಸಿಬಿಡುವ ಎರಡು ಮಾತುಗಳು ಬೇರೆಯಾಗುತ್ತವೆ. ತಪ್ಪು ಹಿಂದಿನವನದು. ಹೊಣೆ ಈಗ ಕೈ ಇಟ್ಟವನದು. ನಾವು ಸಾಫ್ಟ್‌ವೇರಿನವರು ಬಳಸುವ ಒಂದು ಕಮ್ಯಾಂಡಿನ ಹೆಸರೇ ‘ಗಿಟ್ ಬ್ಲೇಮ್’. ಯಾವ ಸಾಲನ್ನು ಯಾರು ಬರೆದದ್ದು ಅಂತ ಹೇಳುತ್ತೆ. ಹೆಸರು ಸಿಕ್ಕ ಕೂಡಲೇ ಮೀಟಿಂಗಿನಲ್ಲಿ ಎಲ್ಲರಿಗೂ ಸಮಾಧಾನ, ಕೆಟ್ಟದ್ದು ಮಾತ್ರ ಕೆಟ್ಟೇ ಇರುತ್ತೆ. ಇವನು ಬೋರೋಸ್ಕೋಪ್ ಇಳಿಸಿ ಒಳಗೆ ಲೋಹದ ಚೂರು ಬಿದ್ದಿದೆಯಾ ಅಂತ ನೋಡಲೇಬೇಕು. ಸುರುಳಿ ಅಲ್ಲಾಡುತ್ತಿದ್ದರೆ ವಿಮಾನ ನಿಲ್ಲಿಸಲೇಬೇಕು.

ಹಂಗಂತ ಒಳ್ಳೆಯವನು ಎಲ್ಲರ ಪಾಪವನ್ನೂ ಬಾಯಿ ಮುಚ್ಚಿಕೊಂಡು ಹೊರಬೇಕಾ? ಆಗ ಬೇಕಾಬಿಟ್ಟಿ ಬಿಗಿದವನು ಇನ್ನೂ ಹತ್ತು ವಿಮಾನಕ್ಕೆ ಹಾಗೇ ಬಿಗಿಯುತ್ತಾನೆ. ಅದಕ್ಕೇ ಲಾಗ್‌ಬುಕ್ ಇರೋದು. ಮಾಡಿದ ಕೆಲಸ, ತಾರೀಕು, ಸಹಿ. ನಮ್ಮಲ್ಲಾದರೆ ಡಿಜಿಸಿಎ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕದೆ ವಿಮಾನ ಮತ್ತೆ ಹಾರುವಂತಿಲ್ಲ. ಹಿಂದಿನವನ ಸಹಿಯೂ ಅದರಲ್ಲೇ ಇರುತ್ತೆ. ‘ಪ್ಲಗ್ಗು ಕಚ್ಚಿಕೊಂಡಿತ್ತು, ಹೀಗೆ ತೆಗೆದೆ, ಇದನ್ನು ನೋಡಿದೆ’ ಅಂತ ಉಳಿದದ್ದನ್ನು ಉಳಿದ ಹಾಗೆ ಬರೆದರೆ ಹೊಣೆಯೂ ತೀರುತ್ತೆ, ತಪ್ಪೂ ಸೇರಬೇಕಾದ ವಿಳಾಸಕ್ಕೆ ಸೇರುತ್ತೆ.

ಇಷ್ಟೆಲ್ಲ ಆಗುವಾಗ ಸಂಜೆಯಾಗಿರುತ್ತೆ, ಕೈಯೆಲ್ಲ ಮಸಿ, ಹಿಂದಿನವನ ಮೇಲೆ ಸಿಟ್ಟು ಇನ್ನೂ ಇಳಿದಿರಲ್ಲ. ಆದರೆ ಹೊಸ ಪ್ಲಗ್ಗು ಕೈಗೆತ್ತಿಕೊಂಡ ಕ್ಷಣದಿಂದ ಬಿಗಿಯುವವನು ಇವನೇ. ಟಾರ್ಕ್ ರೆಂಚು ಆಚೆ ಟೇಬಲ್ಲಿನ ಮೇಲಿದೆ, ನಾಲ್ಕು ಹೆಜ್ಜೆ ನಡೆದು ಹೋಗಿ ತರಬೇಕು.