ಕೊಟ್ಟ ಮಾತು ಯಾರದು?

ನಮ್ಮ ಖಾಲಾರ ಮಗನೊಬ್ಬ 2014ರಲ್ಲಿ ಹೌಸ್ ಡ್ರೈವರ್ ವೀಸಾದ ಮೇಲೆ ರಿಯಾದ್‌ಗೆ ಹೋದ. ಎರಡು ವರ್ಷ ತುಂಬುವ ಹೊತ್ತಿಗೆ ಅವನಿಂದ ವಾಟ್ಸಾಪ್‌ನಲ್ಲಿ ಒಂದು ಧ್ವನಿ ಸಂದೇಶ ಬಂತು. ಹಿಂದೆ ಕಾರಿನ ಎ.ಸಿ. ಸದ್ದು. ರಾತ್ರಿ ಹನ್ನೊಂದೂವರೆ, ಮೇಡಂ ಅಂಗಡಿಯೊಳಗೆ ಹೋಗಿದ್ದರಂತೆ. "ಭಾಯಿ, ನಾಲ್ಕು ತಿಂಗಳಿಂದ ಸಂಬಳ ಸರಿಯಾಗಿ ಬರುತ್ತಿಲ್ಲ. ಪಕ್ಕದ ಬೀದಿಯ ಇನ್ನೊಂದು ಮನೆಯವರು ನನ್ನನ್ನು ತೆಗೆದುಕೊಳ್ಳಲು ತಯಾರಿದ್ದಾರೆ. ಕಫೀಲ್ ಬಿಡುವುದಿಲ್ಲ ಅನ್ನುತ್ತಾನೆ. ಬಿಟ್ಟು ಹೋದರೆ ಗುನಾಹ್ ಆಗುತ್ತದಾ?"

ಸಿಕ್ಕಿಬಿದ್ದರೆ ಏನು ಗತಿ ಎಂದು ಅವನು ಕೇಳಿರಲಿಲ್ಲ. ಅದು ಅವನಿಗೇ ಗೊತ್ತಿತ್ತು. ಅವನು ಕೇಳಿದ್ದು ಪಾಪ ಪುಣ್ಯದ ಪ್ರಶ್ನೆ. ಮನೆಯಲ್ಲಿ ನಾಲ್ಕಕ್ಷರ ಹೆಚ್ಚು ಓದಿದವರು ನಾವೇ ಆದ್ದರಿಂದ ಉತ್ತರ ಹೇಳುವ ಹೊಣೆ ನಮ್ಮ ಮೇಲೆ ಬಿತ್ತು. ನಾವು ಹೇಳಿದೆವು: "ಕರಾರು ಮಾಡಿದ್ದೀಯ. ಉಪ್ಪು ತಿಂದ ಮನೆ. ಕೊಟ್ಟ ಮಾತು ಮುರಿಯಬೇಡ, ಸಬರ್ ಮಾಡು." ಅವನು ಸಬರ್ ಮಾಡಿದ. ಇನ್ನೂ ಒಂದೂವರೆ ವರ್ಷ ಅದೇ ಮನೆಯ ಕಾರು ಓಡಿಸಿ 2018ರಲ್ಲಿ ಊರಿಗೆ ಬಂದ. ಏಳು ತಿಂಗಳ ಸಂಬಳ ಅಲ್ಲೇ ಉಳಿಯಿತು.

ಆ ಉತ್ತರ ಸರಿಯಿತ್ತೇ ಎಂಬುದು ಇಷ್ಟು ವರ್ಷಗಳಿಂದ ನಮ್ಮನ್ನು ಕೆಣಕುತ್ತಿದೆ.

ಗಲ್ಫ್‌ಗೆ ಹೋದವರ ಮನೆಗಳಲ್ಲಿ ಕೆಲವು ಅರಬಿ ಪದಗಳು ದಿನಸಿ ಹೆಸರುಗಳಷ್ಟೇ ಸಲೀಸು. ಇಕಾಮಾ ಎಂದರೆ ಅಲ್ಲಿ ವಾಸಿಸುವ ಪರವಾನಗಿ. ಕಫೀಲ್ ಎಂದರೆ ಆ ಪರವಾನಗಿಗೆ ಜಾಮೀನು ನಿಂತ ಧಣಿ. ತನಾಜುಲ್ ಎಂದರೆ ಅವನು ಬರೆದುಕೊಡುವ ಬಿಡುಗಡೆ. ನಕಲ್ ಎಂದರೆ ಒಬ್ಬ ಕಫೀಲ್‌ನಿಂದ ಇನ್ನೊಬ್ಬನಿಗೆ ವರ್ಗಾವಣೆ. (ಉರ್ದು ಓದಿದ ನಮಗೆ ನಕಲ್ ಎಂದರೆ ಪರೀಕ್ಷೆಯಲ್ಲಿ ಮಾಡುವಂಥದ್ದು, ಅರಬಿಯಲ್ಲಿ ಅದಕ್ಕೆ ಸಾಗಿಸುವುದು ಎಂಬ ಅರ್ಥವಿದೆ.) ಇನ್ನೊಂದು ಪದವನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಹುರೂಬ್. ಓಡಿಹೋದವನು ಎಂಬ ದೂರು. ಕಫೀಲ್ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಅದನ್ನು ದಾಖಲಿಸಬಹುದಿತ್ತು. ಆಮೇಲೆ ಆ ಮನುಷ್ಯ ಎಲ್ಲಿ ದುಡಿದರೂ ಕಳ್ಳ ದುಡಿಮೆ. ಸಿಕ್ಕರೆ ಬಂಧನ, ಬೆರಳಚ್ಚು, ಗಡೀಪಾರು.

ಇಬ್ಬರ ನಡುವೆ ಒಂದು ಕರಾರು ಇದೆ ಎನ್ನೋಣ. ದುಡಿಯುವವನು ಅದನ್ನು ಮುರಿದರೆ ಪೊಲೀಸರು ಬರುತ್ತಾರೆ. ದುಡಿಸುವವನು ಮುರಿದರೆ ಅರ್ಜಿ, ವಾಯಿದೆ, ಮತ್ತೆ ವಾಯಿದೆ. ಅರ್ಜಿ ಕೊಡಲು ಹೋಗಬೇಕೆಂದರೂ ಅವನೇ ರಜೆ ಕೊಡಬೇಕು. ನಮ್ಮ ಹುಡುಗನ ಪಾಸ್‌ಪೋರ್ಟ್ ಮೂರೂವರೆ ವರ್ಷ ಕಫೀಲ್‌ನ ಕಪಾಟಿನಲ್ಲಿತ್ತು. ಹಾಗೆ ಇಟ್ಟುಕೊಳ್ಳುವುದು ಸೌದಿಯ ಕಾನೂನಿಗೇ ವಿರುದ್ಧ. ಅದನ್ನು ಕೇಳುವವರು ಯಾರು? ಕರಾರುಗಳನ್ನು ಪೂರೈಸಬೇಕೆಂಬ ಆದೇಶವನ್ನು ನಾವು ಅವನಿಗೆ ನೆನಪಿಸಿದೆವು. ಬೆವರು ಆರುವ ಮುಂಚೆ ಕೂಲಿ ಕೈಗಿಡಬೇಕೆಂಬ ಪ್ರವಾದಿವರ್ಯರ ಮಾತು ಆ ರಾತ್ರಿ ನಮ್ಮ ಬಾಯಿಗೆ ಬರಲಿಲ್ಲ. ಮೊದಲನೆಯದನ್ನು ಬಡವನಿಗೂ ಎರಡನೆಯದನ್ನು ಜುಮಾ ಖುತ್ಬಾಕ್ಕೂ ಮೀಸಲಿಟ್ಟುಬಿಟ್ಟಿದ್ದೇವೆ.

ಕಫಾಲತ್ ಎಂಬ ಪದದ ಹುಟ್ಟು ಹೀಗಿರಲಿಲ್ಲ. ಹೊಣೆ ಹೊರುವುದು, ಪೊರೆಯುವುದು ಅದರ ಅರ್ಥ. ಬಾಲೆ ಮರ್ಯಮರ ಪೋಷಣೆಯ ಹೊಣೆಯನ್ನು ಝಕರಿಯ್ಯಾರಿಗೆ ಒಪ್ಪಿಸಿದ ಸಂಗತಿಯನ್ನು ಕುರ್‌ಆನ್ ಹೇಳುವುದು ಇದೇ ಧಾತುವಿನ ಪದದಿಂದ. ಅನಾಥ ಮಗುವನ್ನು ಸಾಕುವವನೂ ಕಫೀಲನೇ. ಜಾಮೀನು ನಿಂತವನ ಹೆಗಲ ಮೇಲಿರಬೇಕಾದ ಭಾರ ಯಾರಿಗಾಗಿ ನಿಂತನೋ ಅವನ ಕಾಲಿಗೆ ಸರಪಳಿಯಾಗಿ ಇಳಿದದ್ದು ಹೇಗೆ?

ಅರಬರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಎಣ್ಣೆ ಸಿಗುವ ಮುಂಚೆ ಅದೇ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದ ಬಡ ಅರಬರೂ ಹೀಗೆಯೇ ನಾಖುದಾನಿಂದ ಮುಂಗಡ ಪಡೆದು, ಸಾಲ ತೀರದೆ ಇನ್ನೊಂದು ದೋಣಿ ಹತ್ತುವಂತಿರಲಿಲ್ಲ. ನಮ್ಮಲ್ಲಿ? 1859ರಲ್ಲಿ ಬ್ರಿಟಿಷರು ತಂದ ಕಾನೂನೊಂದರ ಪ್ರಕಾರ ಮುಂಗಡ ಪಡೆದ ಕೂಲಿಯವನು ಕೆಲಸ ಬಿಟ್ಟರೆ ಜೈಲಿಗೆ ಹಾಕಬಹುದಿತ್ತು. ಅದು ರದ್ದಾದದ್ದು 1925ರಲ್ಲಿ. ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ನಾವು ಮಲೆನಾಡಿನವರು. ಒಂದು ತೋಟದ ಆಳು ಇನ್ನೊಂದು ತೋಟಕ್ಕೆ ಹೋದರೆ "ಮುಂಗಡ ತಿಂದು ಓಡಿಹೋದ" ಎನ್ನುವುದನ್ನು ಕೇಳಿಯೇ ಬೆಳೆದವರು. ರಿಯಾದ್‌ನ ಹುರೂಬ್ ನಮ್ಮ ಕಿವಿಗೆ ಹೊಸದಾಗಿ ಕೇಳಲಿಲ್ಲ.

ಧಣಿಯ ಪಕ್ಷಕ್ಕೂ ಒಂದು ಮಾತಿದೆ, ಅದನ್ನು ಕೇಳದಿದ್ದರೆ ಅನ್ಯಾಯವಾದೀತು. ವೀಸಾ ಶುಲ್ಕ, ಟಿಕೆಟ್, ಇಕಾಮಾಕ್ಕೆ ಅವನು ಹಣ ಸುರಿದಿರುತ್ತಾನೆ. ಕರೆಸಿಕೊಂಡವನು ಎರಡೇ ತಿಂಗಳಿಗೆ ಹೆಚ್ಚು ಸಂಬಳದ ಆಸೆಗೆ ಹೊರಟರೆ ನಷ್ಟ ನಿಜ. ಆದರೆ ಅದು ಹಣದ ನಷ್ಟ, ಹಣದಿಂದಲೇ ತುಂಬಬಹುದು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯು.ಎ.ಇ.ಯ ಕಾರ್ಮಿಕ ಕಾನೂನು ಇದನ್ನೇ ಹೇಳುತ್ತದೆ. ಪ್ರೊಬೇಷನ್ ಅವಧಿಯಲ್ಲಿ ಅಲ್ಲೇ ಇನ್ನೊಂದು ಕಡೆ ಸೇರಬೇಕೆಂದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಹಳೆಯ ಧಣಿಯ ನೇಮಕಾತಿ ಖರ್ಚನ್ನು ಹೊಸ ಧಣಿ ತುಂಬಬೇಕು. ಲೆಕ್ಕ ಧಣಿ ಧಣಿಗಳ ನಡುವೆ ಮುಗಿಯಿತು. ಅದಕ್ಕಾಗಿ ಒಬ್ಬನನ್ನು ಕಟ್ಟಿಹಾಕಬೇಕಾಗಿಲ್ಲ.

ಬದಲಾವಣೆ ಬಂದಿಲ್ಲವೆಂದಲ್ಲ. ಬಹರೇನ್ 2009ರಲ್ಲೇ ಮೊದಲ ಹೆಜ್ಜೆಯಿಟ್ಟಿತು. ಅಲ್ಲಿನ ಕಾರ್ಮಿಕ ಸಚಿವ ಮಜೀದ್ ಅಲ್ ಅಲವಿಯವರೇ ಈ ಪದ್ಧತಿಯನ್ನು ಗುಲಾಮಗಿರಿಗೆ ಹೋಲಿಸಿದ್ದರು. ಕತಾರ್ 2020ರಲ್ಲಿ ಹಳೆಯ ಧಣಿಯ ಎನ್.ಒ.ಸಿ. ಬೇಕಿಲ್ಲವೆಂದಿತು. ಸೌದಿ 2021ರ ಮಾರ್ಚ್‌ನಲ್ಲಿ ಒಂದು ವರ್ಷ ದುಡಿದವರಿಗೆ ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಸುದ್ದಿ ಓದಿ ನಾವು ಖುಷಿಯಿಂದ ನಮ್ಮ ಹುಡುಗನಿಗೆ ಫೋನ್ ಮಾಡಿದೆವು. ಅವನು ನಕ್ಕ. "ಪೂರ್ತಿ ಓದಿ ಭಾಯಿ." ಓದಿದೆವು. ಮನೆಗೆಲಸದವರು, ಮನೆಯ ಡ್ರೈವರುಗಳು, ತೋಟದ ಮಾಲಿಗಳು, ಕುರಿ ಕಾಯುವವರು ಆ ಸುಧಾರಣೆಯ ಹೊರಗಿದ್ದರು. ಮನೆಗೆಲಸದವರಿಗೆಂದು ಇರುವ ಹೊಸ ನಿಯಮಾವಳಿ ಜಾರಿಯಾದದ್ದು 2024ರಲ್ಲಿ. ಆಫೀಸಿನಲ್ಲಿ, ಕಾರ್ಖಾನೆಯಲ್ಲಿ ಮಾಡುವುದು ಕೆಲಸ, ಮನೆಯೊಳಗೆ ಮಾಡುವುದು ಸೇವೆ ಎಂಬ ಭಾವನೆ ಅಲ್ಲಿಗೆ ಮಾತ್ರ ಸೀಮಿತವೆಂದು ನಮ್ಮ ಅಡುಗೆಮನೆಗಳಲ್ಲಿ ನಿಂತು ಹೇಳಲು ನಮಗೆ ಧೈರ್ಯವಿಲ್ಲ.

ನಮ್ಮ ಬೀದಿಯ ಇನ್ನೊಬ್ಬ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಲಿತು ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋದ. ಆರು ವರ್ಷಗಳಲ್ಲಿ ಮೂರು ಕಂಪನಿ ಬದಲಿಸಿದ. ಅವನ ವೀಸಾವೂ ಕಂಪನಿಗೇ ಅಂಟಿಕೊಂಡದ್ದು. ಕೆಲಸ ಹೋದರೆ ಇನ್ನೊಂದು ಹುಡುಕಲು 2017ರ ನಿಯಮದಂತೆ ಹೆಚ್ಚೆಂದರೆ 60 ದಿನ. ಅವನಿಗೂ ರಾತ್ರಿ ನಿದ್ದೆ ಬರುವುದಿಲ್ಲವೆಂದು ಅವನ ಅಮ್ಮಿ ಹೇಳುತ್ತಾರೆ. ಆದರೆ ಹಳೆಯ ಕಂಪನಿಯ ರುಜುಗಾಗಿ ಅವನು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಅವನು ಮೂರನೆಯ ಕಂಪನಿ ಸೇರಿದಾಗ ಬೀದಿಗೆಲ್ಲ ಮಿಠಾಯಿ ಹಂಚಿದರು. ಉಪ್ಪಿನ ಮಾತು ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಇಷ್ಟು ಹೊತ್ತು ನಾವು ಹೇಳದೆ ಉಳಿಸಿಕೊಂಡದ್ದೊಂದಿದೆ. ರಿಯಾದ್‌ನ ಆ ವೀಸಾ ತಂದುಕೊಟ್ಟವರು ನಮ್ಮ ಮಾಮೂ. ಒಂದೂಕಾಲು ಲಕ್ಷ ಪಡೆದಿದ್ದರು. ಅದನ್ನು ಅವರು ಮದದ್ ಎನ್ನುತ್ತಾರೆ. ಖಾಲಾ ಬಳೆ ಅಡವಿಟ್ಟಿದ್ದರು. ನೋಂದಾಯಿತ ಏಜೆಂಟರೇ 30,000 ರೂಪಾಯಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯಬಾರದೆಂದು ನಮ್ಮ ದೇಶದ ನಿಯಮ ಹೇಳುತ್ತದೆ. ಬಂಧುಗಳ ನಡುವಿನ ಮದದ್‌ಗೆ ರಸೀದಿಯೂ ಇಲ್ಲ, ಮಿತಿಯೂ ಇಲ್ಲ. ಅದೇ ಕಫೀಲ್‌ನ ಕುಟುಂಬದಿಂದ ಇನ್ನೂ ಮೂರು ವೀಸಾ ಬರುವುದಿತ್ತು. ಅದರಲ್ಲಿ ಒಂದು ನಮ್ಮ ತಮ್ಮನಿಗೆ. ಹುಡುಗ ಬಿಟ್ಟು ಹೋದರೆ ಆ ಬಾಗಿಲು ಮುಚ್ಚುತ್ತದೆಂದು ಮಾಮೂ ಆ ದಿನ ಮಧ್ಯಾಹ್ನವೇ ನಮಗೆ ಫೋನಿನಲ್ಲಿ ಹೇಳಿದ್ದರು. ರಾತ್ರಿ ನಾವು ಕಳಿಸಿದ ಧ್ವನಿ ಸಂದೇಶದಲ್ಲಿ ಮಾತ್ರ ಕರಾರು, ಉಪ್ಪು, ಸಬರ್ ಇದ್ದವು.

ಊರಿಗೆ ಬಂದ ಮೇಲೆ ಅವನು ಒಂದೇ ಒಂದು ಸಲ ಈ ವಿಷಯ ತೆಗೆದ. ಅವನೂ ನಮ್ಮಂತೆ ಉರ್ದು ಶಾಲೆಯಲ್ಲಿ ಓದಿದವನು. "ಭಾಯಿ, ಅವತ್ತು ನನ್ನ ಮುಂದೆ ಇಟ್ಟ ಕಾಗದ ಅರಬಿಯಲ್ಲಿತ್ತು. ಅಕ್ಷರ ಎಲ್ಲ ಬರುತ್ತಿತ್ತು. ಕುರ್‌ಆನ್ ಓದಿದ ಹಾಗೆ ಜೇರ್ ಜಬರ್ ಊಹಿಸಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದೆ. ಅರ್ಥ ಒಂದೂ ಗೊತ್ತಾಗಲಿಲ್ಲ. ರುಜು ಹಾಕಿದೆ. ನೀವು ಹೇಳಿದಿರಲ್ಲ ಕೊಟ್ಟ ಮಾತು ಅಂತ, ಅದರಲ್ಲಿ ನನ್ನ ಮಾತು ಯಾವುದಿತ್ತು?" ಕೋಪವೇನೂ ಇರಲಿಲ್ಲ. ಚಹಾ ಕುಡಿದು ಎದ್ದು ಹೋದ. ಈಗ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಾನೆ.

ಕಳೆದ ತಿಂಗಳು ಅವನ ಅಕ್ಕನ ಮಗ ನಮ್ಮ ಮನೆಗೆ ಬಂದ. ಕೈಯಲ್ಲಿ ದಮ್ಮಾಮ್‌ನ ಕಂಪನಿಯೊಂದರ ಕರಾರು, ನಾಲ್ಕು ಪುಟ. ಒಂದು ಬದಿ ಅರಬಿ, ಇನ್ನೊಂದು ಬದಿ ಇಂಗ್ಲಿಷ್. ಎರಡರ ನಡುವೆ ವ್ಯತ್ಯಾಸ ಬಂದರೆ ಅರಬಿಯದೇ ಅಂತಿಮ ಎಂದು ಇಂಗ್ಲಿಷ್ ಬದಿಯ ಕೊನೆಯಲ್ಲಿ ಬರೆದಿತ್ತು. ಬಿಡಬೇಕೆಂದರೆ ಏನು ಮಾಡಬೇಕು ಎಂಬ ಕಲಮನ್ನು ಮೊದಲು ಹುಡುಕೋಣ ಎಂದೆವು. ಇಂಗ್ಲಿಷ್‌ನಲ್ಲಿ ಅದು ಎರಡು ಸಾಲು, ಅರಬಿಯಲ್ಲಿ ಐದು. ಐದೂ ಸಾಲುಗಳನ್ನು ಗಟ್ಟಿಯಾಗಿ ಓದಿದೆವು, ಅರ್ಥ ಹತ್ತಲಿಲ್ಲ. ಮದ್ರಸಾದ ಮೌಲವಿ ಸಾಹೇಬರಿಗೆ ಫೋನ್ ಮಾಡಿದರೆ ತೆಗೆಯಲಿಲ್ಲ, ಪಾಠದ ಸಮಯ. ರುಜು ಹಾಕಿ ಸಂಜೆಯೊಳಗೆ ಕಳಿಸಬೇಕೆಂದು ಏಜೆಂಟ್ ಹೇಳಿದ್ದಾನಂತೆ. ಅಸರ್ ನಮಾಜಿನ ನಂತರ ನೇರ ಮದ್ರಸಾಕ್ಕೇ ಹೋಗೋಣ, ಅಲ್ಲಿಯವರೆಗೆ ಪೆನ್ನು ಮುಟ್ಟಬೇಡ ಎಂದು ಹುಡುಗನನ್ನು ಕೂರಿಸಿಕೊಂಡೆವು.